ಆದೇಶ ಎಲ್ಲಿದೆ ಎಂದು ಕೇಳಿದವರು

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂಬ ಹೆಸರಿತ್ತು. 1792ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ ಇಂದಿಗೂ ನಿಂತಿದೆ. ಭಾನುವಾರ ಬಂತೆಂದರೆ ಅಲ್ಲಿ ಫೋಟೊ ತೆಗೆಸಿಕೊಳ್ಳುವವರ ಸಂತೆ. ಆದರೆ ಈ ಸೀಮೆಗೆ ಅದಕ್ಕೂ ಹಿಂದೆ ಬಲಂ ಎಂಬ ಹೆಸರಿದ್ದದ್ದು, ಐಗೂರಿನ ಪಾಳೆಯಗಾರರು ಇದನ್ನು ಆಳಿದ್ದು ಈಗ ಊರಿನವರಿಗೇ ಮರೆತುಹೋಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಲಂ ನಾಡಿನ ವೆಂಕಟಾದ್ರಿ ನಾಯಕ ಯಾರಿಗೂ ತಲೆಬಾಗಲು ಒಪ್ಪಲಿಲ್ಲ. ಘಾಟಿಯ ದಾರಿಗಳು ಅವನ ಕೈಯಲ್ಲಿದ್ದವು, ಅರೆಕೆರೆಯ ದಟ್ಟ ಕಾಡು ಅವನ ಬೆನ್ನಿಗಿತ್ತು. 1802ರ ಜನವರಿಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಸೈನ್ಯದೊಡನೆ ಬಂದು ಅರೆಕೆರೆಯನ್ನು ಹಿಡಿದ. ಮುಂದೆ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ. ತಪ್ಪಿಸಿಕೊಂಡಿದ್ದ ನಾಯಕ ಫೆಬ್ರವರಿಯಲ್ಲಿ ಸಿಕ್ಕಿಬಿದ್ದ. ಕೂಡಲೇ ಅವನನ್ನು ನೇಣಿಗೆ ಹಾಕಿದರು.

ವೆಂಕಟಾದ್ರಿ ನಾಯಕ ವೀರನೋ ಬಂಡುಕೋರನೋ ಎಂಬ ಚರ್ಚೆಯನ್ನು ಇತಿಹಾಸಕಾರರಿಗೆ ಬಿಡೋಣ. ಇಲ್ಲಿ ನೋಡಬೇಕಾದದ್ದು ಬೇರೆ. ಅವನನ್ನು ಹಿಡಿದವರು, ಅಪರಾಧಿ ಎಂದು ತೀರ್ಮಾನಿಸಿದವರು, ಹಗ್ಗ ಬಿಗಿದವರು, ಎಲ್ಲರೂ ಒಂದೇ ಕಡೆಯವರು. ಯಾವ ಕಾನೂನಿನ ಪ್ರಕಾರ ಈ ಶಿಕ್ಷೆ, ಆದೇಶ ಎಲ್ಲಿದೆ, ಅದಕ್ಕೆ ಸಹಿ ಹಾಕಿದವರು ಯಾರು ಎಂದು ಕೇಳುವ ಮೂರನೆಯ ಮನುಷ್ಯನಿಗೆ ಅಲ್ಲಿ ಜಾಗವೇ ಇರಲಿಲ್ಲ. ಆಳುವವನ ಬಲಕ್ಕೂ ಒಂಟಿ ಮನುಷ್ಯನ ಕೊರಳಿಗೂ ನಡುವೆ ಕರಿಕೋಟಿನ ವಕೀಲನೊಬ್ಬ ಬಂದು ನಿಲ್ಲಲು ಕನ್ನಡ ನಾಡಿನಲ್ಲಿ ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಹಾಗೆ ನಿಂತವರು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ ಅವರು ಕೇಳಿದ ಪ್ರಶ್ನೆ ಉಳಿಯಿತು.

ಅರಸರ ಮೈಸೂರಿನಲ್ಲಿ ಕೋರ್ಟುಗಳಿದ್ದವು, ವಕೀಲರಿದ್ದರು, 1881ರಿಂದ ಪ್ರಜಾಪ್ರತಿನಿಧಿ ಸಭೆಯೂ ಇತ್ತು. ಇಲ್ಲದೇ ಇದ್ದದ್ದು ಸರ್ಕಾರವನ್ನೇ ಕಟ್ಟಿಹಾಕುವ ಹಕ್ಕು. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಬಂದ ಪತ್ರಿಕಾ ಕಾಯ್ದೆ ಸರ್ಕಾರದ ಪರವಾನಗಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ ಎಂದಾಗ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಪ್ರತಿಭಟಿಸಲು ಇದ್ದ ದಾರಿ ಅದೊಂದೇ. ಮೂವತ್ತರ ದಶಕದ ಹೊತ್ತಿಗೆ ಸ್ವಾತಂತ್ರ್ಯ ಚಳವಳಿಯ ಮುಂಚೂಣಿಗೆ ವಕೀಲರೇ ಬಂದರು: ಕೆ.ಟಿ. ಭಾಷ್ಯಂ, ಎಚ್.ಸಿ. ದಾಸಪ್ಪ, ಕೆ.ಸಿ. ರೆಡ್ಡಿ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದಾಗ ಸರ್ಕಾರ ಸತ್ತವರ ಸಂಖ್ಯೆಯನ್ನು ಕಡಿಮೆ ಮಾಡಿ ಹೇಳಿತು, ಜನ 32 ಎಂದರು. ವಿಚಾರಣಾ ಸಮಿತಿಯೇನೋ ಕೂತಿತು. ಗುಂಡು ಹಾರಿಸಿದ ಸರ್ಕಾರವನ್ನು ಕಟಕಟೆಗೆ ಎಳೆಯುವ ರಿಟ್ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.

ಅದು ಸಿಕ್ಕಿದ್ದು 1950ರ ಜನವರಿ 26ರಂದು. ಅಂದಿನಿಂದ ಪಕ್ಕದ ಆಲೂರಿನ ರೈತನೂ ಸಂವಿಧಾನದ 226ನೇ ವಿಧಿ ಹಿಡಿದು ಹೈಕೋರ್ಟಿಗೆ, 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದಾಯಿತು.

ಸಕಲೇಶಪುರ ಬೆಂಗಳೂರು–ಮಂಗಳೂರು ರಸ್ತೆಯ ಮೇಲಿನ ಊರು. ಶಿರಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ, ಅದಕ್ಕೆ ತಾಗಿಕೊಂಡೇ ಕಾಸರಗೋಡು. ದೇಶದ ಮೂಲಭೂತ ಹಕ್ಕುಗಳ ಇತಿಹಾಸದಲ್ಲಿ ಈ ಘಾಟಿಯ ಕೆಳಗಿನ ಕರಾವಳಿಗೆ ಇರುವಷ್ಟು ಪಾಲು ಬೇರೆ ಸೀಮೆಗಳಿಗೆ ಇರುವುದು ಕಡಿಮೆ. ಮುಂಜಾಗ್ರತಾ ಬಂಧನದ ವಿರುದ್ಧ ಸುಪ್ರೀಂ ಕೋರ್ಟಿಗೆ ಬಂದ ಮೊದಲ ದೊಡ್ಡ ಮೊಕದ್ದಮೆ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರದು. ಮುಂದೆ ಕಾಸರಗೋಡಿನಿಂದ ಲೋಕಸಭೆಗೆ ಹೋದವರು ಅವರು. ಅವರ ಪರ ವಾದಿಸಿದ ಎಂ.ಕೆ. ನಂಬಿಯಾರ್ ಮಂಗಳೂರಿನಲ್ಲಿ ವಕೀಲಿ ಶುರು ಮಾಡಿ ಮದ್ರಾಸಿಗೆ ಹೋದವರು. 21ನೇ ವಿಧಿಯಲ್ಲಿ ‘ಕಾನೂನು’ ಎಂದಿರುವುದರಿಂದ ಶಾಸನಸಭೆ ಪಾಸು ಮಾಡಿದ್ದೆಲ್ಲ ಸಾಕಾಗುವುದಿಲ್ಲ, ಆ ಕಾನೂನು ನ್ಯಾಯಯುತವಾಗಿಯೂ ಇರಬೇಕು ಎಂಬುದು ಅವರ ವಾದದ ತಿರುಳು. 1950ರ ಮೇ 19ರಂದು ತೀರ್ಪು ಬಂತು. ಬಂಧನದ ಕಾರಣಗಳನ್ನು ಕೋರ್ಟಿಗೂ ಹೇಳಬಾರದು ಎಂದಿದ್ದ ಒಂದು ಸೆಕ್ಷನ್ ರದ್ದಾಯಿತು. ಮುಖ್ಯ ವಾದಕ್ಕೆ ಬಹುಮತ ಸಿಗಲಿಲ್ಲ. ಗೋಪಾಲನ್ ಜೈಲಿನಲ್ಲೇ ಉಳಿದರು. ಆದರೆ ಅದೇ ವಾದವನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಒಪ್ಪಿಕೊಂಡಿತು. ಒಬ್ಬ ವಕೀಲ ಆಡಿ ಸೋತ ಮಾತು ಕಾನೂನಾಗಲು 28 ವರ್ಷ ಬೇಕಾಯಿತು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರು ಕಾನೂನು ಓದುವ ಪ್ರತಿ ಹುಡುಗನಿಗೂ ಗೊತ್ತು. ಅವರು ಯಕ್ಷಗಾನದಲ್ಲಿ ಭಾಗವತಿಕೆ ಮಾಡುತ್ತಿದ್ದ ಕನ್ನಡದ ಸ್ವಾಮೀಜಿ ಎಂಬುದು ಅವರಲ್ಲಿ ಅನೇಕರಿಗೆ ಗೊತ್ತಿರಲಾರದು. ಮಠದ ಜಮೀನಿನ ಮೇಲೆ ಕೇರಳದ ಭೂಸುಧಾರಣೆ ಕಾಯ್ದೆ ಕೈಹಾಕಿದ್ದನ್ನು ಪ್ರಶ್ನಿಸಿ ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ನಾನಿ ಪಾಲ್ಖಿವಾಲಾ ವಾದಿಸಿದರು. 13 ನ್ಯಾಯಮೂರ್ತಿಗಳ ಪೀಠ 68 ದಿನ ಕೇಳಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ಮಠದ ಜಮೀನು ಉಳಿಯಲಿಲ್ಲ, ದೇಶಕ್ಕೆ ಒಂದು ಸಿದ್ಧಾಂತ ಉಳಿಯಿತು.

ಸರ್ಕಾರ ಇದನ್ನು ಸುಮ್ಮನೆ ನುಂಗಿಕೊಳ್ಳಲಿಲ್ಲ. ತೀರ್ಪು ಬಂದ ಬೆನ್ನಿಗೇ ಜೆ.ಎಂ. ಶೇಲತ್, ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್ ಈ ಮೂವರು ಹಿರಿಯರನ್ನು ಬದಿಗೆ ಸರಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಕೆ.ಎಸ್. ಹೆಗ್ಡೆಯವರು ಕಾರ್ಕಳ ಸೀಮೆಯವರು. ಅವರ ಮಗ ಎನ್. ಸಂತೋಷ್ ಹೆಗ್ಡೆ ಆಗ ಬೆಂಗಳೂರಿನಲ್ಲಿ ವಕೀಲರು. ಈ ಎರಡು ಹೆಸರುಗಳೂ ಮುಂದಿನ ಕಥೆಯಲ್ಲಿ ಬರುತ್ತವೆ.

1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಂಸತ್ತಿನ ಸಮಿತಿಯೊಂದರ ಸಭೆಗೆಂದು ಆ ದಿನ ಕೆಲವು ವಿರೋಧ ಪಕ್ಷದ ಸಂಸದರು ಬೆಂಗಳೂರಿಗೆ ಬಂದಿದ್ದರು. ಜೂನ್ 26ರ ಬೆಳಿಗ್ಗೆ ಅಟಲ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಶ್ಯಾಮನಂದನ ಮಿಶ್ರ ಅವರನ್ನು ಪೊಲೀಸರು ಹಿಡಿದು ಕೇಂದ್ರ ಕಾರಾಗೃಹಕ್ಕೆ ಒಯ್ದರು. ಸಮಾಜವಾದಿ ಮಧು ದಂಡವತೆಯವರೂ ಅದೇ ಜೈಲು ಸೇರಿದರು. ಈಗ ಫ್ರೀಡಂ ಪಾರ್ಕ್ ಇರುವ ಜಾಗವೇ ಅದು. ರಾಜ್ಯದ ನಾಯಕರ ಸರದಿಯೂ ಬಂತು. ಹೊಳೆನರಸೀಪುರದ ಶಾಸಕ, ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಎಚ್.ಡಿ. ದೇವೇಗೌಡರು ಕೂಡ ಅಲ್ಲಿಗೇ ಬಂದರು. ಹಾಸನ ಜಿಲ್ಲೆಗೆ ತುರ್ತುಪರಿಸ್ಥಿತಿ ಎಂದರೇನು ಎಂಬುದು ಅರ್ಥವಾದದ್ದು ಬಹುಮಟ್ಟಿಗೆ ಆ ಬಂಧನದಿಂದ.

ಬಂಧನಕ್ಕೆ ಬಳಸಿದ್ದು ‘ಮೀಸಾ’, ಅಂದರೆ 1971ರ ಆಂತರಿಕ ಭದ್ರತಾ ಕಾಯ್ದೆ. ಅದು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟರೋ ಪೊಲೀಸ್ ಕಮಿಷನರೋ ಒಂದು ಹಾಳೆಗೆ ಸಹಿ ಹಾಕಿದರೆ ಸಾಕು. ಇಂಥವರು ಹೊರಗಿದ್ದರೆ ಸಾರ್ವಜನಿಕ ಶಾಂತಿಗೆ ಧಕ್ಕೆ ಎಂದು ಅದರಲ್ಲಿ ಬರೆದಿರುತ್ತದೆ. ಮಾಡಿದ ತಪ್ಪು ಏನು ಎಂದು ಇರುವುದಿಲ್ಲ, ಚಾರ್ಜ್‌ಶೀಟೂ ಇಲ್ಲ, ಸಾಕ್ಷಿಯೂ ಇಲ್ಲ. ಮೊದಲಾದರೆ ಬಂಧನದ ಕಾರಣಗಳನ್ನು ಕೆಲವು ದಿನಗಳೊಳಗೆ ಬಂದಿಗೆ ತಿಳಿಸಬೇಕಿತ್ತು, ಸಲಹಾ ಮಂಡಳಿಯ ಮುಂದೆ ಇಡಬೇಕಿತ್ತು. ಜೂನ್ 29ರ ಸುಗ್ರೀವಾಜ್ಞೆ 16ಎ ಎಂಬ ಹೊಸ ಸೆಕ್ಷನ್ ತಂದು ಅದನ್ನೂ ಕಿತ್ತುಹಾಕಿತು. ಎರಡು ದಿನ ಮೊದಲು, ಜೂನ್ 27ರಂದು, ಸಂವಿಧಾನದ 14, 21 ಮತ್ತು 22ನೇ ವಿಧಿಗಳ ಜಾರಿಗಾಗಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ ಎಂದು ರಾಷ್ಟ್ರಪತಿಗಳ ಆದೇಶ ಹೊರಟಿತ್ತು. ಒಳಗೆ ಹಾಕಿದ್ದು ಯಾಕೆ ಎಂದು ಒಳಗಿದ್ದವನಿಗೆ ಹೇಳಬೇಕಿಲ್ಲ, ಹೊರಗಿದ್ದವನು ಕೇಳುವಂತಿಲ್ಲ.

ಇಂಥ ಹೊತ್ತಿನಲ್ಲಿ ವಕೀಲನ ಕೈಗೆ ಉಳಿಯುವುದು ಒಂದೇ ಅರ್ಜಿ, ಹೇಬಿಯಸ್ ಕಾರ್ಪಸ್. ಹಿಡಿದಿಟ್ಟ ಮನುಷ್ಯನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ, ಯಾವ ಅಧಿಕಾರದಿಂದ ಹಿಡಿದಿದ್ದೀರಿ ಹೇಳಿ ಎಂದು ಸರ್ಕಾರವನ್ನು ಕೇಳುವ ಅರ್ಜಿ ಅದು. ಕಾನೂನಿನಲ್ಲಿ ಇದಕ್ಕಿಂತ ಸರಳವಾದ ಪ್ರಶ್ನೆ ಇಲ್ಲ. ಅದನ್ನು ಆಗ ಕೇಳಲು ಬೇಕಾದ ಎದೆಗಾರಿಕೆ ಮಾತ್ರ ಸಣ್ಣದಲ್ಲ. ಅಡ್ವಾಣಿ, ವಾಜಪೇಯಿ ಮೊದಲಾದವರ ಅರ್ಜಿಗಳನ್ನು ಬೆಂಗಳೂರಿನ ಹೈಕೋರ್ಟಿನಲ್ಲಿ ನಡೆಸಿದವರು ಎಂ. ರಾಮಾ ಜೋಯಿಸ್ ಮತ್ತು ಸಂತೋಷ್ ಹೆಗ್ಡೆ. ಜೋಯಿಸರು ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. ಹೆಗ್ಡೆಯವರಿಗೆ ಆಗ ಮೂವತ್ತೈದು. ಅಧಿಕಾರಕ್ಕೆ ಒಗ್ಗದ ತೀರ್ಪು ಬರೆದ ತಂದೆಗೆ ಏನಾಯಿತು ಎಂಬುದನ್ನು ಎರಡೇ ವರ್ಷದ ಹಿಂದೆ ಮನೆಯಲ್ಲೇ ಕಂಡವರು.

ಅರ್ಜಿ ಕೋರ್ಟಿನ ಮುಂದೆ ಬಂದ ಮೇಲೆ ಸರ್ಕಾರ ಮಾಡಿದ್ದನ್ನು ನೋಡಿ. ಹಳೆಯ ಆದೇಶವನ್ನು ಕೈಬಿಟ್ಟು, ಹೊಸ ಸೆಕ್ಷನ್ನಿಗೆ ಹೊಂದುವಂಥ ಇನ್ನೊಂದು ಆದೇಶದ ಮೇಲೆ ಅದೇ ಜನರನ್ನು ಮತ್ತೆ ಬಂಧಿಸಿತು. ಅವರಲ್ಲಿ ಕೆಲವರನ್ನು ಹರಿಯಾಣದ ರೋಹ್ತಕ್ ಜೈಲಿಗೆ ಸಾಗಿಸಿ, ಆಮೇಲೆ ಬೆಂಗಳೂರಿಗೆ ತಂದರು. ಪ್ರಶ್ನೆಗೆ ಉತ್ತರ ಹೇಳುವ ಬದಲು ಪ್ರಶ್ನೆಯ ಅಡಿಯ ನೆಲವನ್ನೇ ಎಳೆಯುವ ಕೆಲಸ ಇದು. ವಕೀಲರು ಬಿಡಲಿಲ್ಲ. ಬಂಧಿಸುವ ಅಧಿಕಾರವೇ ಮೀಸಾದಿಂದ ಬಂದದ್ದು, ಹಾಗಾದರೆ ಆದೇಶ ಮೀಸಾದ ಷರತ್ತುಗಳ ಒಳಗೇ ಇದೆಯೋ ಇಲ್ಲವೋ ನೋಡುವ ಕೆಲಸ ಕೋರ್ಟಿನದೇ ಎಂದು ಪಟ್ಟು ಹಿಡಿದರು. ಬಾಂಬೆ ಹೈಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ, ಅಲಹಾಬಾದಿನಲ್ಲಿ ಇಂದಿರಾ ಗಾಂಧಿಯವರ ಚುನಾವಣೆಯನ್ನೇ ರದ್ದು ಮಾಡಿಸಿದ್ದ ಶಾಂತಿಭೂಷಣ್ ಬೆಂಗಳೂರಿಗೆ ಬಂದು ಬಂದಿಗಳ ಪರ ನಿಂತರು. ಇಂಥ ಅರ್ಜಿಗಳನ್ನು ಕೇಳಲೇಬಾರದು ಎಂಬ ಸರ್ಕಾರದ ತಕರಾರನ್ನು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ದೇಶದ ಒಂಬತ್ತು ಹೈಕೋರ್ಟುಗಳು ಇದೇ ನಿಲುವು ತಳೆದವು. ಪತ್ರಿಕೆಗಳ ಬಾಯಿ ಕಟ್ಟಿದ್ದ, ಸಂಸತ್ತು ತಲೆಯಾಡಿಸುತ್ತಿದ್ದ ದಿನಗಳಲ್ಲಿ ಒಂಬತ್ತು ಊರುಗಳ ಕೋರ್ಟುಗಳಲ್ಲಿ ಮಾತ್ರ ಸರ್ಕಾರ ಉತ್ತರ ಹೇಳಬೇಕಾಗಿ ಬಂತು.

ಬೆಲೆ ತೆರಬೇಕಾಯಿತು. ಜೋಯಿಸರನ್ನೇ ಬಂಧಿಸಿದರು. ಯಾರ ಪರ ಅರ್ಜಿ ಹಾಕಿದ್ದರೋ ಅವರ ಜೊತೆಗೇ ವಕೀಲರೂ ಬೆಂಗಳೂರು ಜೈಲು ಸೇರಿದರು. ನ್ಯಾಯಮೂರ್ತಿಗಳನ್ನೂ ಬಿಡಲಿಲ್ಲ. 1976ರಲ್ಲಿ ದೇಶದಾದ್ಯಂತ ಹದಿನಾರು ನ್ಯಾಯಮೂರ್ತಿಗಳನ್ನು ಅವರ ಒಪ್ಪಿಗೆ ಕೇಳದೆ ಬೇರೆ ರಾಜ್ಯಗಳಿಗೆ ವರ್ಗ ಮಾಡಿದರು. ಕರ್ನಾಟಕದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ.

ಸರ್ಕಾರದ ಮೇಲ್ಮನವಿಗಳೆಲ್ಲ ಒಟ್ಟಾಗಿ ಸುಪ್ರೀಂ ಕೋರ್ಟಿನ ಐವರ ಪೀಠದ ಮುಂದೆ ಬಂದವು. ಅದೇ ಎಡಿಎಂ ಜಬಲ್‌ಪುರ ಪ್ರಕರಣ. ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಮಾತು ಕೇಳಿದರು. 21ನೇ ವಿಧಿಯಲ್ಲಿ ಸ್ವಾತಂತ್ರ್ಯದ ಜೊತೆ ಜೀವವೂ ಇದೆಯಲ್ಲ, ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ ಎಂದು. ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದು ಸರ್ಕಾರದ ಕಡೆಯ ಉತ್ತರ. ನ್ಯಾಯಾಲಯ ಬೆಚ್ಚಬೇಕಿತ್ತು. 1976ರ ಏಪ್ರಿಲ್ 28ರಂದು ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ ನಾಲ್ವರೂ ಸರ್ಕಾರ ಹೇಳಿದ್ದೇ ಸರಿ ಎಂದರು. ಭಿನ್ನವಾಗಿ ಬರೆದವರು ಖನ್ನಾ ಒಬ್ಬರೇ. ಒಂಬತ್ತು ತಿಂಗಳಾದ ಮೇಲೆ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಬೇಗ್ ಅವರಿಗೆ ಹೋಯಿತು, ಖನ್ನಾ ರಾಜೀನಾಮೆ ಕೊಟ್ಟರು.

ತೀರ್ಪಿನ ಅರ್ಥ ಬೆಂಗಳೂರಿಗೆ ಮೂರೇ ದಿನದಲ್ಲಿ ತಿಳಿಯಿತು. ಮೇ 1ರಂದು ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಕರೆದೊಯ್ದರು. ಭೂಗತರಾಗಿದ್ದ ಅಣ್ಣ ಎಲ್ಲಿ ಎಂದು ಬಾಯಿ ಬಿಡಿಸಲು ಹೊಡೆದ ಹೊಡೆತಕ್ಕೆ ಅವರು ಎದ್ದು ನಡೆಯಲಾರದಂತಾದರು. ಎಲ್ಲಿದ್ದಾರೆ ಎಂಬುದೂ ಮನೆಯವರಿಗೆ ಹಲವು ದಿನ ಗೊತ್ತಾಗಲಿಲ್ಲ. ಮೇ 2ರಂದು ‘ಸಂಸ್ಕಾರ’ ಸಿನಿಮಾದ ಚಂದ್ರಿ, ನಟಿ ಸ್ನೇಹಲತಾ ರೆಡ್ಡಿಯವರ ಬಂಧನ. ಜಾರ್ಜ್ ಅವರೂ ಆರೋಪಿಯಾಗಿದ್ದ ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಒಳಗೆ ಹಾಕಿದರು, ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಅವರನ್ನು ಬಿಡಲಿಲ್ಲ. ತೀವ್ರ ಅಸ್ತಮಾ ಇದ್ದ ಹೆಣ್ಣುಮಗಳು ಬೆಂಗಳೂರಿನ ಜೈಲಿನ ಕೋಣೆಯಲ್ಲಿ ಎಂಟು ತಿಂಗಳು ಉಸಿರಿಗಾಗಿ ಒದ್ದಾಡಿದರು. 1977ರ ಜನವರಿ 15ರಂದು ಪರೋಲ್ ಮೇಲೆ ಹೊರಗೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಹೇಬಿಯಸ್ ಕಾರ್ಪಸ್ ಬದುಕಿದ್ದಿದ್ದರೆ ಯಾವನಾದರೂ ವಕೀಲ ಅವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸುತ್ತಿದ್ದ, ನ್ಯಾಯಮೂರ್ತಿಗಳಿಗೆ ಆ ಉಸಿರಾಟ ಕೇಳಿಸುತ್ತಿತ್ತು. ನಾಲ್ಕು ಜನರ ತೀರ್ಪು ಮುಚ್ಚಿದ್ದು ಆ ಬಾಗಿಲನ್ನು. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ ಲೆಕ್ಕದಂತೆ ದೇಶದಲ್ಲಿ ಮೀಸಾ ಅಡಿ ಬಂಧಿತರಾದವರು 34,988. ಒಂದೊಂದು ಸಂಖ್ಯೆಯ ಹಿಂದೆಯೂ ಒಂದು ಮನೆ ಇತ್ತು.

1977ರ ಮಾರ್ಚ್ ಚುನಾವಣೆಯ ಒಂದು ಸಂಗತಿಯನ್ನು ಹಾಸನ ಜಿಲ್ಲೆಯವರು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಗೆದ್ದಿತು. ಕೈಜಾರಿದ್ದು ಎರಡೇ. ಒಂದು ಬೆಂಗಳೂರು ದಕ್ಷಿಣ, ಅಲ್ಲಿ ಗೆದ್ದವರು 1973ರಲ್ಲಿ ಹುದ್ದೆ ಬಿಟ್ಟು ಬಂದಿದ್ದ ಕೆ.ಎಸ್. ಹೆಗ್ಡೆ, ಮುಂದೆ ಅವರು ಲೋಕಸಭೆಯ ಸ್ಪೀಕರ್ ಆದರು. ಇನ್ನೊಂದು ಹಾಸನ, ಅಲ್ಲಿ ಗೆದ್ದವರು ಜನತಾ ಕಡೆಯ ಎಸ್. ನಂಜೇಶಗೌಡ. ಮತದಾರರು ಹಾಗೆ ತೀರ್ಮಾನಿಸಲು ಜಾತಿ, ಪಕ್ಷ, ಸ್ಥಳೀಯ ರಾಜಕೀಯ ಎಲ್ಲವೂ ಕಾರಣವಾಗಿರಬಹುದು. ಆದರೆ ತಮ್ಮ ಜಿಲ್ಲೆಯ ನಾಯಕನನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ್ದನ್ನು ಈ ಕಡೆಯ ಜನ ಮರೆತಿರಲಿಲ್ಲ ಎಂದು ನಂಬಲು ಅಡ್ಡಿಯಿಲ್ಲ. ರಾಜ್ಯದ ಬಹುಭಾಗ ಒಂದು ಕಡೆ ವಾಲಿದಾಗ ಹಾಸನ ಬೇರೆ ಕಡೆ ನಿಂತಿತು ಎಂಬುದು ದಾಖಲೆ.

ಅದೇ ವರ್ಷ ರಾಮಾ ಜೋಯಿಸ್ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಅಲಹಾಬಾದಿಗೆ ಎತ್ತಿಹಾಕಿದ್ದ ಚಂದ್ರಶೇಖರ್ ಮುಂದೆ ಇದೇ ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾಗಿ ಮರಳಿದರು. ಸಂತೋಷ್ ಹೆಗ್ಡೆ ಅಡ್ವೊಕೇಟ್ ಜನರಲ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಆಮೇಲೆ ಅಕ್ರಮ ಗಣಿಗಾರಿಕೆಯ ವರದಿ ಬರೆದ ಲೋಕಾಯುಕ್ತ. 1978ರ 44ನೇ ತಿದ್ದುಪಡಿ ಇನ್ನು ಮುಂದೆ ಯಾವ ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತು ಮಾಡುವಂತಿಲ್ಲ ಎಂದು ಸಂವಿಧಾನದಲ್ಲೇ ಬರೆಯಿತು. ಜಬಲ್‌ಪುರದ ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೇ ಉಳಿದಿತ್ತು.

ಅದನ್ನು ಅಳಿಸಲು ಕಾರಣರಾದವರೂ ಕರ್ನಾಟಕದವರೇ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ, ಅದು ಹಕ್ಕೇ ಎಂದರು. ಅದೇ ತೀರ್ಪಿನಲ್ಲಿ ಡಿ.ವೈ. ಚಂದ್ರಚೂಡ್ ಎಡಿಎಂ ಜಬಲ್‌ಪುರವನ್ನು ರದ್ದುಮಾಡುವ ಮಾತು ಬರೆದರು. ರದ್ದಾದ ತೀರ್ಪಿಗೆ ಸಹಿ ಹಾಕಿದವರಲ್ಲಿ ಅವರ ತಂದೆಯೂ ಒಬ್ಬರು. 41 ವರ್ಷ ತಡವಾಗಿ ಬೆಂಗಳೂರಿನ ಆ ವಾದಕ್ಕೆ ಗೆಲುವು ಬಂತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಹೀಗೆ ಉಳಿದ 21ನೇ ವಿಧಿ ಸಕಲೇಶಪುರ–ಆಲೂರಿನ ಗುಡ್ಡಗಳಿಗೆ ತಲುಪಿದ್ದು ಬೇರೆ ರೂಪದಲ್ಲಿ. ತುರ್ತುಪರಿಸ್ಥಿತಿ ಕಳೆದ ಮೇಲೆ ಬೆಳೆದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಪದ್ಧತಿಯಿಂದ ಕೋರ್ಟುಗಳು ತಾವಾಗಿಯೇ ಪ್ರಕರಣ ಕೈಗೆತ್ತಿಕೊಳ್ಳತೊಡಗಿದವು. ಕಾಡಾನೆಗಳ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ ಮಾಡಿದ್ದು ಅದನ್ನೇ. ಕೋರ್ಟಿನ ಸೂಚನೆಯಂತೆ ಆನೆ ತಜ್ಞ ರಾಮನ್ ಸುಕುಮಾರ್ ನೇತೃತ್ವದಲ್ಲಿ ರಚನೆಯಾದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು, ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಹೇಳಿತು. ಕಾಫಿ ಕೊಯ್ಯಲು ಬೆಳಿಗ್ಗೆ ತೋಟಕ್ಕೆ ಹೋಗುವ ಹೆಂಗಸಿನ ಜೀವವನ್ನು ಕಾಯುವ ಹೊಣೆ ಸರ್ಕಾರದ್ದೇ ಎಂಬ ಮಾತು ಹೈಕೋರ್ಟಿನಲ್ಲಿ ಚರ್ಚೆಗೆ ಬಂದದ್ದು ಸಣ್ಣ ಸಂಗತಿಯಲ್ಲ. ಆನೆಗಳ ಕಾಟ ನಿಂತಿಲ್ಲ, ಜನ ಸಾಯುವುದೂ ನಿಂತಿಲ್ಲ. ಕೋರ್ಟಿನ ಆದೇಶ ಕಾಡಿನ ಅಂಚಿಗೆ ಬರುವ ಹೊತ್ತಿಗೆ ಸೊರಗಿರುತ್ತದೆ ಎಂಬ ಜನರ ದೂರಿನಲ್ಲಿ ಹುರುಳಿದೆ.

ಜಿಲ್ಲಾ ಕೇಂದ್ರ ಹಾಸನದ ವಕೀಲೆಯೊಬ್ಬರ ಹೆಸರನ್ನು 2025ರಲ್ಲಿ ಜಗತ್ತೇ ಕೇಳಿತು. ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಹಾಸನದ ಕೋರ್ಟುಗಳಲ್ಲಿ ಹೆಂಗಸರ ಕಷ್ಟಗಳನ್ನು ಕೇಳುತ್ತಲೇ ಕಥೆ ಬರೆದವರು. ಮಸೀದಿಗೆ ಹೆಂಗಸರ ಪ್ರವೇಶದ ಪರ ಮಾತಾಡಿದ್ದಕ್ಕೆ 2000ದಲ್ಲಿ ಬಹಿಷ್ಕಾರ ಅನುಭವಿಸಿದವರು. ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದದ್ದನ್ನು ಪ್ರಶ್ನಿಸಿ ಬಂದ ಅರ್ಜಿಗಳನ್ನು ಆ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ತಳ್ಳಿಹಾಕಿತು, ಸುಪ್ರೀಂ ಕೋರ್ಟೂ ತಳ್ಳಿಹಾಕಿತು. ಒಬ್ಬ ವ್ಯಕ್ತಿಯ ಹಕ್ಕಿಗೆ ಎದುರಾಗುವ ಬಲ ಯಾವಾಗಲೂ ಸರ್ಕಾರದ ರೂಪದಲ್ಲೇ ಬರುವುದಿಲ್ಲ ಎಂಬುದಕ್ಕೆ ಅವರ ಬದುಕು ನಮ್ಮ ಕಾಲದ ಸಾಕ್ಷಿ.

ಈ ಗುಡ್ಡಗಳ ತೋಟಗಳಲ್ಲಿ ಈಗ ಲೈನ್ ಮನೆಗಳಲ್ಲಿ ಇರುವವರಲ್ಲಿ ಅಸ್ಸಾಂ ಕಡೆಯಿಂದ ಬಂದ ಕೂಲಿಗಳು ಬಹಳ. ಭಾಷೆ ಬಾರದು, ಊರು ಗೊತ್ತಿಲ್ಲ, ಪೊಲೀಸರು ಕರೆದರೆ ಯಾರನ್ನು ಕೇಳಬೇಕೆಂದು ತಿಳಿಯದು. 21 ಮತ್ತು 22ನೇ ವಿಧಿಗಳು ಅವರಿಗೂ ಅಷ್ಟೇ ಅನ್ವಯ. ಈ ನೆಲದಲ್ಲಿರುವ ಯಾವ ಮನುಷ್ಯನಿಗೂ ಅವು ರಕ್ಷಣೆ ಕೊಡುತ್ತವೆ. ಸಾಮಾನ್ಯ ಪ್ರಕರಣದಲ್ಲಿ ಬಂಧಿಸಿದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ವಕೀಲರಿಗೆ ದುಡ್ಡಿಲ್ಲ ಎಂಬುದು ಅಡ್ಡಿಯಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಯಾರೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಪಡೆಯಬಹುದು. ತೋಟದ ಮಾಲೀಕರು, ರೈಟರ್‌ಗಳು, ಶಾಲಾ ಮೇಷ್ಟ್ರುಗಳು ಇಷ್ಟನ್ನು ಲೈನ್ ಮನೆಯವರಿಗೆ ತಿಳಿಸಿ ಹೇಳಲಿ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನಲ್ಲೇ ಇರುತ್ತದೆ. ಸಹಾಯವಾಣಿಯ ಸಂಖ್ಯೆ 15100.